ಬೀಟೆಯ ಮಂಚ ಮತ್ತು ಬಿಲಿಯರ್ಡ್ಸ್ ಕೋಲು

ಕಳೆದ ವರ್ಗಾವಣೆಯಲ್ಲಿ ಪುಣೆಗೆ ಬಂದು ಖರಾಡಿಯಲ್ಲಿ ಮನೆ ಹಿಡಿದೆವು. ಲಾರಿಯಿಂದ ಸಾಮಾನು ಇಳಿಸಿ ನೋಡಿದಾಗ ನಮ್ಮ ತಾಯಿಯ ಮಂಚದ ಒಂದು ಪಕ್ಕದ ಪಟ್ಟಿ, ಕಾಲಿಗೆ ಸೇರುವ ಮೊನೆಯ ಬಳಿ ಮುರಿದಿತ್ತು. ಅದು ಬೀಟೆಯ ಮಂಚ. ಕೊಪ್ಪದ ಕಡೆಯ ನಮ್ಮ ಹಳೆಯ ಮನೆಯಿಂದ ಹೊರಟು ಮೂರು ರಾಜ್ಯಗಳ ಸರ್ಕಾರಿ ವಸತಿಗೃಹಗಳನ್ನು ಸುತ್ತಿ ಬಂದದ್ದು. ಬಡಗಿಯೊಬ್ಬ ಬೇರೆ ಮರದ ಪಟ್ಟಿ ಹಾಕಿ ಮಂಚವನ್ನು ನಿಲ್ಲಿಸಿಕೊಟ್ಟ. ಮುರಿದ ಪಟ್ಟಿ ಬಾಲ್ಕನಿಯ ಮೂಲೆ ಸೇರಿತು.

ಕಾಲೇಜಿನಲ್ಲಿ ಓದುವ ನಮ್ಮ ಮಗನಿಗೆ ಖರಾಡಿಯ ಪೂಲ್ ಪಾರ್ಲರುಗಳ ಗೀಳು ಹತ್ತಿದೆ. ಅವನೊಂದು ದಿನ ಆ ಪಟ್ಟಿಯನ್ನು ಹೆಗಲಿಗೇರಿಸಿಕೊಂಡು, ಕ್ಯೂ ಕೋಲುಗಳ ತುದಿ ಕಟ್ಟಿಕೊಡುವ, ಲೇತಿನಲ್ಲಿ ಹೊಸ ಕೋಲುಗಳನ್ನೂ ಕಡೆದುಕೊಡುವ ಕುಶಲಕರ್ಮಿಯೊಬ್ಬರ ಬಳಿಗೆ ಹೋದ. ಅವರು ಪಟ್ಟಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ತೂಗಿ ಹಿಡಿದು, ಗೆಣ್ಣಿನಿಂದ ಒಂದೆರಡು ಕಡೆ ಬಡಿದು, ‘ಆವಾಜ್ ಛಾನ್ ಆಹೆ’ ಎಂದರಂತೆ. ದನಿ ಚೆನ್ನಾಗಿದೆ; ಇದರಲ್ಲಿ ಒಳ್ಳೆಯ ಹಿಡಿ ಆಗುತ್ತದೆ ಎಂದು. ಮಗ ಮನೆಗೆ ಬಂದು ಅನುಮತಿ ಕೇಳಿದ. ನಾವು ಉತ್ತರ ಕೊಡಲಿಲ್ಲ. ಅಜ್ಜಿಯ ಮಂಚದ ಮರವನ್ನು ಆಟದ ಕೋಲಿಗೆ ಕೊಡಬಹುದೇ ಎಂಬುದು ಒಂದು ಪ್ರಶ್ನೆ. ಮರದ ದನಿಗೂ ಚೆಂಡಿನ ಓಟಕ್ಕೂ ನಿಜವಾಗಿ ಏನಾದರೂ ಸಂಬಂಧವಿದೆಯೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಹುಡುಕಹೊರಟವರು ನಾವು ಮೊದಲನೆಯದಕ್ಕೇ ಹಿಂತಿರುಗಿ ಬಂದ ಕಥೆ ಇದು.

ಈ ಆಟದ ಚರಿತ್ರೆಯಲ್ಲಿ ಪುಣೆಗೂ ನಮ್ಮ ನಾಡಿಗೂ ಇರುವ ನಂಟು ಬಹುಮಂದಿಗೆ ತಿಳಿದಂತಿಲ್ಲ. ಸ್ನೂಕರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, 1875ರಲ್ಲಿ ಜಬಲ್‌ಪುರದ ಸೈನ್ಯಾಧಿಕಾರಿಗಳ ಮೆಸ್ಸಿನಲ್ಲಿ. ಮಳೆಗಾಲದ ಬೇಸರ ಕಳೆಯಲು ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿದ. ಮುಂದೆ ಪ್ರಧಾನಿಯಾದ ಚೇಂಬರ್ಲೇನ್ ಬೇರೆ, ಇವನು ಬೇರೆ. ಇಂಗ್ಲೆಂಡಿನ ವುಲಿಚ್ ಸೈನಿಕ ಶಾಲೆಯಲ್ಲಿ ಮೊದಲ ವರ್ಷದ ಹುಡುಗರನ್ನು ‘ಸ್ನೂಕರ್’ ಎಂದು ಹಂಗಿಸುವ ರೂಢಿಯಿತ್ತು. ಸುಲಭದ ಚೆಂಡನ್ನು ತಪ್ಪಿಸಿದ ಜೊತೆಗಾರನನ್ನು ಚೇಂಬರ್ಲೇನ್ ಹಾಗೆ ಕರೆದದ್ದೇ ಆಟದ ಹೆಸರಾಯಿತು. ಬಳಿಕ ಅವನು ಮದ್ರಾಸ್ ಸೈನ್ಯದ ದಂಡನಾಯಕ ಫ್ರೆಡರಿಕ್ ರಾಬರ್ಟ್ಸ್‌ನ ಪರಿವಾರದೊಂದಿಗೆ ಬೇಸಿಗೆಗಳಲ್ಲಿ ಉದಕಮಂಡಲಕ್ಕೆ ಹೋಗುತ್ತಿದ್ದ. ಆಟದ ನಿಯಮಗಳು ಬರಹಕ್ಕಿಳಿದು ಗೋಡೆಯೇರಿದ್ದು ಅಲ್ಲಿನ ಊಟಿ ಕ್ಲಬ್ಬಿನಲ್ಲಿ. ಮೈಸೂರಿನಿಂದ ಊಟಿಗೆ ಹೋಗುವ ದಾರಿ ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡನ್ನು ಹಾಯ್ದು ಹೋಗುತ್ತದೆ. ಆ ಕಾಡಿನಲ್ಲಿ ತೇಗದ ಜೊತೆಗೆ ಬೀಟೆಯೂ ಬೆಳೆಯುತ್ತದೆ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳೋಣ.

ಪುಣೆಯ ಪಾಲು ಇದಕ್ಕಿಂತ ಹತ್ತಿರದ್ದು. ವಿಲ್ಸನ್ ಜೋನ್ಸ್ ಹುಟ್ಟಿದ್ದು 1922ರಲ್ಲಿ ಇದೇ ಪುಣೆಯಲ್ಲಿ, ಒಂದು ಆಂಗ್ಲೋ-ಇಂಡಿಯನ್ ಕುಟುಂಬದಲ್ಲಿ. 1958ರಲ್ಲಿ ಕಲ್ಕತ್ತೆಯಲ್ಲಿ ನಡೆದ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪ್ರಶಸ್ತಿಯನ್ನು ಗೆದ್ದು, ಯಾವುದೇ ಕ್ರೀಡೆಯಲ್ಲಿ ವೈಯಕ್ತಿಕವಾಗಿ ವಿಶ್ವವಿಜೇತನಾದ ಮೊದಲ ಭಾರತೀಯ ಎನಿಸಿಕೊಂಡರು. 1964ರಲ್ಲಿ ನ್ಯೂಜಿಲೆಂಡಿನಲ್ಲಿ ಮತ್ತೊಮ್ಮೆ ಗೆದ್ದರು. ಬೆಂಗಳೂರಿನವರೆಂದೇ ನಾವೆಲ್ಲ ಅಭಿಮಾನಪಡುವ ಪಂಕಜ್ ಅಡ್ವಾಣಿ ಕೂಡ ಹುಟ್ಟಿದ್ದು ಪುಣೆಯಲ್ಲೇ, 1985ರಲ್ಲಿ. ಎಳವೆಯನ್ನು ಕುವೈತಿನಲ್ಲಿ ಕಳೆದು ಬೆಂಗಳೂರಿಗೆ ಬಂದು, ಅರವಿಂದ ಸವೂರರ ಗರಡಿಯಲ್ಲಿ ಪಳಗಿ, 2003ರಲ್ಲಿ ಚೀನಾದಲ್ಲಿ ಮೊದಲ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದರು. ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಕೊಡುಕೊಳೆಯಲ್ಲಿ ಒಂದು ಸಣ್ಣ ಸಂತೋಷವುಂಟು.

ಇನ್ನು ಕೋಲಿನ ವಿಚಾರ. ಮೊದಮೊದಲು ಬಿಲಿಯರ್ಡ್ಸ್ ಆಡುತ್ತಿದ್ದುದು ಈಗಿನ ಕೋಲಿನಿಂದಲ್ಲ. ತುದಿಯಲ್ಲಿ ಅಗಲವಾದ ತಲೆಯುಳ್ಳ, ಚೆಂಡನ್ನು ತಳ್ಳುವ ಸಾಧನವೊಂದರಿಂದ. ಚೆಂಡು ಮೇಜಿನ ಅಂಚಿಗೆ ಅಂಟಿ ನಿಂತಾಗ ಆ ತಲೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಆಗ ಆಟಗಾರರು ಸಾಧನವನ್ನು ತಿರುಗಿಸಿ ಹಿಡಿಯ ತುದಿಯಿಂದ ಹೊಡೆಯುತ್ತಿದ್ದರು. ಆ ಹಿಡಿಯೇ ಮುಂದೆ ಕ್ಯೂ ಆಯಿತು. 19ನೇ ಶತಮಾನದ ಆರಂಭದಲ್ಲಿ ಮಿಂಗೋ ಎಂಬ ಫ್ರೆಂಚ್ ಸೈನಿಕ ಅಧಿಕಾರಿ ಕೋಲಿನ ತುದಿಗೆ ಚರ್ಮದ ಬಿಲ್ಲೆ ಅಂಟಿಸುವ ರೂಢಿ ತಂದ. ಚರ್ಮದ ಮೇಲೆ ಸೀಮೆಸುಣ್ಣ ತಿಕ್ಕಿದಾಗ ತುದಿ ಜಾರುವುದು ನಿಂತು, ಚೆಂಡಿಗೆ ಬೇಕಾದ ಕಡೆ ಸುತ್ತು ಕೊಡುವುದು ಸಾಧ್ಯವಾಯಿತು. ಇಂದಿನ ಆಟದ ಕೌಶಲವೆಲ್ಲ ನಿಂತಿರುವುದು ಈ ಎರಡು ಅಲ್ಪ ವಸ್ತುಗಳ ಮೇಲೆ.

ಕೋಲಿಗೆ ಎರಡು ಬಗೆಯ ಮರ ಬೇಕು. ಮುಂಭಾಗಕ್ಕೆ ನೇರ ಎಳೆಯ, ಹದವಾಗಿ ಬಳುಕುವ, ಬಾಗಿದರೂ ಮತ್ತೆ ನೆಟ್ಟಗಾಗುವ ಮರ. ಸ್ನೂಕರಿಗೆ ಆ್ಯಶ್, ಅಮೆರಿಕದ ಪೂಲ್ ಆಟಕ್ಕೆ ಮೇಪಲ್. ಇವೆರಡೂ ತಂಪು ನಾಡಿನ ಮರಗಳು. ಹಿಂಭಾಗದ ಹಿಡಿಗೆ ತೂಕದ ಮರ: ಎಬೊನಿ, ರೋಸ್‌ವುಡ್. ಇವು ಬಿಸಿಲು ನಾಡಿನವು. ಹಳೆಯ ಕೆಲಸದಲ್ಲಿ ಕಪ್ಪು ಮರದ ನಾಲ್ಕು ಸೀಳುಗಳನ್ನು ಮುಂಭಾಗದ ಬಿಳಿ ಮರಕ್ಕೆ ಓರೆಯಾಗಿ ಕೂಡಿಸಿ ಅಂಟಿಸಿ ದುಂಡಗೆ ಕಡೆಯುತ್ತಾರೆ. ಕಪ್ಪು ಮೊನೆಗಳು ಬಿಳಿಯ ಮೇಲೆ ಬಾಣದಂತೆ ಮೂಡುತ್ತವೆ. ಚೆಲುವಿಗಾಗಿ ಮಾಡಿದಂತೆ ಕಂಡರೂ ಇದರ ಮೂಲ ಉದ್ದೇಶ ಗಟ್ಟಿಯಾದ ಕೂಡಿಕೆ. ಅಂಟು ಹಿಡಿಯುವ ಮೇಲ್ಮೈ ಉದ್ದವಾದಷ್ಟೂ ಕೂಡಿಕೆ ಬಿಡುವುದು ಕಡಿಮೆ.

ಈಗ ಲೆಕ್ಕಕ್ಕೆ ಬರೋಣ. ಒಣಗಿದ ಮರದ ಸಾಂದ್ರತೆಯನ್ನು ಘನ ಮೀಟರಿಗೆ ಇಷ್ಟು ಕಿಲೋ ಎಂದು ಹೇಳುತ್ತಾರೆ. ಆ್ಯಶ್ ಸುಮಾರು 680, ಗಟ್ಟಿ ಮೇಪಲ್ 700, ನಮ್ಮ ತೇಗ 650, ಬೀಟೆ 830, ಸಿಂಹಳ ಹಾಗೂ ದಕ್ಷಿಣ ಭಾರತದ ಎಬೊನಿ 900ಕ್ಕೂ ಮೇಲು. ಮರದಿಂದ ಮರಕ್ಕೆ, ಬುಡದಿಂದ ತುದಿಗೆ ಈ ಅಂಕಿಗಳು ಹೆಚ್ಚುಕಡಿಮೆಯಾಗುತ್ತವೆ. ಪೂಲ್ ಕೋಲಿನ ಹಿಡಿ ಸುಮಾರು 75 ಸೆಂಟಿಮೀಟರ್ ಉದ್ದ, ಸರಾಸರಿ 2.7 ಸೆಂಟಿಮೀಟರ್ ದಪ್ಪ ಎಂದಿಟ್ಟುಕೊಂಡರೆ, ಮೇಪಲ್‌ನಲ್ಲಿ ಅದು 300 ಗ್ರಾಂ ತೂಗುತ್ತದೆ, ಬೀಟೆಯಲ್ಲಿ 355 ಗ್ರಾಂ, ಎಬೊನಿಯಲ್ಲಿ 390ರ ಆಸುಪಾಸು. ಇಡೀ ಕೋಲಿನ ತೂಕವೇ ಅರ್ಧ ಕಿಲೋ ಚಿಲ್ಲರೆ ಇರುವಲ್ಲಿ ಐವತ್ತು ಗ್ರಾಮಿನ ವ್ಯತ್ಯಾಸ ಕೈಗೆ ಚೆನ್ನಾಗಿ ತಿಳಿಯುತ್ತದೆ. ಕೋಲನ್ನು ಒಂದು ಬೆರಳ ಮೇಲೆ ಸಮತೂಕದಲ್ಲಿ ನಿಲ್ಲಿಸಿದರೆ, ಹಿಡಿ ಭಾರವಾದಷ್ಟೂ ಆ ಬಿಂದು ಹಿಂದಕ್ಕೆ ಸರಿಯುತ್ತದೆ. ತೀರ ಹಿಂದಕ್ಕೆ ಸರಿದರೆ ಮುಂದಿನ ಕೈಯ ಮೇಲೆ ಕೋಲು ಹಗುರವಾಗಿ ತೇಲಿದಂತಾಗುತ್ತದೆ. ಮುಂದಕ್ಕೆ ಬಂದರೆ ಮೂಗು ತಗ್ಗಿಸುತ್ತದೆ. ಸಾಂದ್ರತೆಯ ಮುಖ್ಯ ಫಲ ಇದು. ಹಗುರ ಮರದ ಹಿಡಿಗೆ ಸೀಸವನ್ನೋ ಉಕ್ಕಿನ ತುಂಡನ್ನೋ ತುಂಬಿ ಇದೇ ತೂಕ ತರಬಹುದು. ಆದರೆ ಅಲ್ಲಿ ತೂಕ ಒಂದೆಡೆ ಗಂಟುಬೀಳುತ್ತದೆ. ಮರದ ತೂಕವಾದರೋ ಉದ್ದಕ್ಕೂ ಹರಡಿರುತ್ತದೆ.

ದನಿಯ ಮಾತು ಇದಕ್ಕಿಂತ ಸೂಕ್ಷ್ಮ. ದನಿ ಮರದೊಳಗೆ ಎಳೆಯ ಉದ್ದಕ್ಕೆ ಸೆಕೆಂಡಿಗೆ ನಾಲ್ಕು ಸಾವಿರ ಮೀಟರಿನ ಆಸುಪಾಸಿನಲ್ಲಿ ಓಡುತ್ತದೆ. ಮರ ಎಷ್ಟು ಬಿರುಸೋ ಅಷ್ಟು ವೇಗ. ಎಷ್ಟು ಸಾಂದ್ರವೋ ಅಷ್ಟು ನಿಧಾನ. ಬೀಟೆಯ ವಿಶೇಷ ಬೇರೆಯದು: ಒಳಗಿನ ಕಂಪನವನ್ನು ಅದು ಬೇಗ ನುಂಗಿಬಿಡುವುದಿಲ್ಲ. ಬಡಿದರೆ ಹೊತ್ತು ಹಿಡಿದು ಅನುರಣಿಸುತ್ತದೆ. ಗಿಟಾರ್ ಮಾಡುವವರು ಇದನ್ನು ಒಲಿದದ್ದು ಇದಕ್ಕೇ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತನ್ನು ತಡೆದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಹೊರಳಿತು.

ಆದರೆ ಗಿಟಾರ್ ಬೇರೆ, ಕ್ಯೂ ಬೇರೆ. ಚರ್ಮದ ತುದಿ ಚೆಂಡಿಗೆ ತಾಗಿ ಬಿಡುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗದಲ್ಲಿ. ಅಷ್ಟರಲ್ಲಿ ಉದ್ದುದ್ದಕ್ಕೆ ಸಾಗುವ ದನಿಯ ಅಲೆ ಕೋಲಿನ ಹಿಂಬದಿ ಮುಟ್ಟಿ ಮರಳಿಬರಬಹುದು. ಕೋಲನ್ನು ಅಡ್ಡಡ್ಡ ಬಾಗಿಸುವ ಅಲೆ ಬಹಳ ನಿಧಾನ. ತುದಿಯಿಂದ ಗೇಣುದೂರ ಹೋಗುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಆದ್ದರಿಂದಲೇ ಚೆಂಡಿನ ಪಕ್ಕಕ್ಕೆ ಹೊಡೆದಾಗ ಅದು ಗುರಿಯ ಗೆರೆಯಿಂದ ಎಷ್ಟು ಸರಿಯುತ್ತದೆ ಎಂಬುದನ್ನು ನಿರ್ಧರಿಸುವುದು ತುದಿಯ ಆ ಒಂದು ಗೇಣಿನ ತೂಕವೇ ಹೊರತು ಹಿಡಿಯ ಮರವಲ್ಲ. ಮುಂಭಾಗವನ್ನು ಒಳಗಿನಿಂದ ಕೊರೆದು ಹಗುರ ಮಾಡಿದ ಕೋಲುಗಳು ಬಳಕೆಗೆ ಬಂದದ್ದು ಈ ತಿಳಿವಳಿಕೆಯಿಂದ. ಇನ್ನು ಕೈಗೆ ತಾಗುವ ಆ ‘ಹೊಡೆತದ ಸುಖ’? ಸ್ಪರ್ಶದ ಸುದ್ದಿ ಅಂಗೈಯಿಂದ ಮಿದುಳಿಗೇರಲು ಸಾವಿರದ ಹತ್ತಾರು ಭಾಗಗಳಷ್ಟು ಹೊತ್ತು ಬೇಕು. ಬೀಟೆಯ ಹಿಡಿ ಕೈಯಲ್ಲಿ ನುಡಿಯುವುದು ನಿಜ; ಅದು ನುಡಿಯುವುದು ಆಗಿಹೋದ ಹೊಡೆತದ ವರದಿಯನ್ನು. ಮುಂದಿನ ಹೊಡೆತವನ್ನು ತಿದ್ದಿಕೊಳ್ಳಲು ಆ ವರದಿ ನೆರವಾಗುತ್ತದೆ. ಚೆಂಡಿನ ದಾರಿಯನ್ನು ಅದು ಬದಲಿಸಲಾರದು.

ಹಾಗಾದರೆ ಆ ಕುಶಲಕರ್ಮಿ ಬಡಿದು ನೋಡಿದ್ದೇಕೆ? ಇದಕ್ಕೆ ಉತ್ತರ ನಮ್ಮೂರಿನಲ್ಲೇ ಇತ್ತು. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬಡಿದು ನೋಡುತ್ತಾರೆ. ಹಲಸಿನಕಾಯಿಯನ್ನು ಮರದಲ್ಲಿರುವಾಗಲೇ ತಟ್ಟಿ ನೋಡುತ್ತಾರೆ. ಬಡಗಿಗಳು ತೊಲೆಯನ್ನು ಬಡಿಯುತ್ತಾರೆ. ಇವರು ಯಾರೂ ಸಂಗೀತ ಕೇಳುತ್ತಿರುವುದಿಲ್ಲ. ಒಳಗೆ ಬಿರುಕಿದೆಯೇ, ಹುಳು ಹೊಕ್ಕಿದೆಯೇ, ಹಸಿ ಉಳಿದಿದೆಯೇ ಎಂದು ಕೇಳುತ್ತಿರುತ್ತಾರೆ. ಬಿರುಕಿದ್ದರೆ ದನಿ ಒಡೆಯುತ್ತದೆ, ಹಸಿಯಿದ್ದರೆ ಮಂಕಾಗುತ್ತದೆ. ಕ್ಯೂ ಕೋಲಿನಲ್ಲೂ ಅಷ್ಟೇ: ನಡುವಿನ ತಿರುಪು ಸಡಿಲಾದರೆ ಝೇಂಕರಿಸುತ್ತದೆ, ಒಳಗಿನ ಅಂಟು ಬಿಟ್ಟರೆ ಸಪ್ಪೆಯಾಗುತ್ತದೆ. ದನಿ ಮರದ ಆರೋಗ್ಯವನ್ನು ಹೇಳುತ್ತದೆ. ಆರೋಗ್ಯವುಳ್ಳ ಮರದಿಂದ ಮಾಡಿದ ಕೋಲು ಸೊಟ್ಟಗಾಗದೆ ಬಹುಕಾಲ ಬಾಳುತ್ತದೆ. ಪುಣೆಯ ಏಪ್ರಿಲ್‌ನ ಒಣಹವೆಗೂ ಜುಲೈನ ತೇವಕ್ಕೂ ನಡುವೆ ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಆದ್ದರಿಂದ ಕೋಲು ಮಾಡುವವರು ಒಮ್ಮೆಲೇ ಕಡೆಯದೆ, ಒಂದು ಪದರ ಕಡೆದು ತಿಂಗಳುಗಟ್ಟಲೆ ತೂಗುಹಾಕಿ, ಮತ್ತೊಂದು ಪದರ ಕಡೆಯುತ್ತಾರೆ. ನಮ್ಮ ಮಂಚದ ಪಟ್ಟಿ ಈ ಹಿಗ್ಗುಕುಗ್ಗುಗಳನ್ನೆಲ್ಲ ಹಲವು ದಶಕ ಕಂಡು ಮುಗಿಸಿತ್ತು. ಅದರ ಗುಣವಿದ್ದದ್ದು ಅಲ್ಲಿ.

ಹೆಸರಿಗೂ ದನಿಯಂತೆಯೇ ಒಂದು ಮೋಡಿಯುಂಟು. ಅಮೆರಿಕದಲ್ಲಿ ಆಟಗಾರನ ಕೈಗೆ ತಕ್ಕಂತೆ ಕೋಲು ಮಾಡಿಕೊಡುವ ಕಲೆ ಬೆಳೆದದ್ದು ಷಿಕಾಗೋದ ಹರ್ಮನ್ ರಾಂಬೋ, ರಷ್ಯಾದಿಂದ ವಲಸೆ ಬಂದ ಜಾರ್ಜ್ ಬಲಬುಷ್ಕಾ ಮುಂತಾದವರಿಂದ. 1975ರಲ್ಲಿ ತೀರಿಕೊಂಡ ಬಲಬುಷ್ಕಾ ಅನೇಕ ಕೋಲುಗಳನ್ನು ಮಾಡಿದ್ದು ಕಾರ್ಖಾನೆಯ ಸಾಮಾನ್ಯ ಕೋಲುಗಳ ಕೂಡಿಸಿದ ಭಾಗವನ್ನೇ ಬಳಸಿ, ಮತ್ತೆ ಕಡೆದು, ತಿದ್ದಿ. 1986ರಲ್ಲಿ ಬಂದ ‘ದಿ ಕಲರ್ ಆಫ್ ಮನಿ’ ಚಲನಚಿತ್ರದಲ್ಲಿ ಒಂದು ಕೋಲನ್ನು ಬಲಬುಷ್ಕಾ ಎಂದು ಭಕ್ತಿಯಿಂದ ತೋರಿಸುತ್ತಾರೆ. ವಾಸ್ತವದಲ್ಲಿ ಅದು ಅದೇ ಮಾದರಿಯಲ್ಲಿ ಬೇರೆಯವರು ಮಾಡಿದ ಕೋಲು. ನೋಡಿದವರಿಗೆ ವ್ಯತ್ಯಾಸ ತಿಳಿಯಲಿಲ್ಲ.

ಇಲ್ಲಿಗೆ ಎರಡನೆಯ ಪ್ರಶ್ನೆ ಮುಗಿಯಿತೆಂದುಕೊಂಡೆವು. ಆದರೆ ಬೀಟೆಯ ಬೆನ್ನು ಹಿಡಿದು ಹೋದಾಗ ದಾರಿ ಪುಣೆಗೇ ಬಂದು ಮುಟ್ಟಿತು. ಖರಾಡಿಯಿಂದ ನಗರದ ಇನ್ನೊಂದು ಮಗ್ಗುಲಿಗಿರುವ ದಾಪೋಡಿಯಲ್ಲಿ ಬ್ರಿಟಿಷರ ಕಾಲದಲ್ಲೊಂದು ಸಸ್ಯೋದ್ಯಾನವಿತ್ತು. ಅದರ ಮೇಲ್ವಿಚಾರಕನಾಗಿದ್ದ ಅಲೆಕ್ಸಾಂಡರ್ ಗಿಬ್ಸನ್ ಎಂಬ ವೈದ್ಯ 1847ರಲ್ಲಿ ಮುಂಬಯಿ ಪ್ರಾಂತದ ಅರಣ್ಯ ಸಂರಕ್ಷಕನಾದ. ನಮ್ಮ ಧಾರವಾಡ ಸೀಮೆ ಆಗ ಆ ಪ್ರಾಂತಕ್ಕೆ ಸೇರಿತ್ತು. ಅದೇ ದಶಕದಲ್ಲಿ ಶಿವಮೊಗ್ಗೆಯಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ ಮಲೆನಾಡಿನ ಗಿಡಮರಗಳನ್ನು ಅಭ್ಯಾಸ ಮಾಡಿ, 1856ರಲ್ಲಿ ಮದ್ರಾಸಿನ ಅರಣ್ಯ ಸಂರಕ್ಷಕನಾದ. ಕಾಡು ಕರಗುತ್ತಿರುವುದನ್ನು ಕಂಡು ಆತಂಕಪಟ್ಟವರು ಇವರು. ಕುಮರಿ ಬೇಸಾಯದ ಮೇಲೆ ಮುನಿದವರೂ ಹೌದು. ಇಂಗ್ಲಿಷ್ ವ್ಯಾಪಾರಿಗಳು ‘ಬ್ಲ್ಯಾಕ್‌ವುಡ್’ ಎಂದು ಕರೆಯುತ್ತಿದ್ದ ಬೀಟೆಗೆ ಆಗ ಬಲುಬೇಡಿಕೆ. ಮುಂಬಯಿಯ ಕೆತ್ತನೆಯ ಕಪ್ಪು ಪೀಠೋಪಕರಣಗಳು ಅದರಲ್ಲೇ ಆಗುತ್ತಿದ್ದವು. ತೇಗ, ಶ್ರೀಗಂಧ, ಬೀಟೆಗಳು ಸರ್ಕಾರ ತನಗಾಗಿ ಕಾದಿರಿಸಿಕೊಂಡ ಮರಗಳ ಪಟ್ಟಿ ಸೇರಿದವು. 1865 ಮತ್ತು 1878ರ ಅರಣ್ಯ ಕಾನೂನುಗಳು ಕಾಡಿನ ಮೇಲಿನ ಸರ್ಕಾರದ ಹಿಡಿತವನ್ನು ಗಟ್ಟಿಮಾಡಿದವು.

‘ಅಂಗಳ ನಮ್ಮದು, ನೆರಳು ನಮ್ಮದು, ಮರ ಸರ್ಕಾರದ್ದು’ ಎಂದು ನಮ್ಮ ಅಜ್ಜ ಹೇಳುತ್ತಿದ್ದರಂತೆ. ಹಿತ್ತಲಿನ ಬೀಟೆಯೊಂದು ಒಂದು ಆಷಾಢದ ಗಾಳಿಗೆ ಉರುಳಿತು. ಅದನ್ನು ಅಳೆದು, ಗುರುತು ಹೊಡೆದು, ಸರ್ಕಾರಿ ನಾಟಾ ಡಿಪೋಗೆ ಸಾಗಿಸಲಾಯಿತು. ಹರಾಜಿನ ದಿನ ಅಜ್ಜ ಹೋಗಿ, ತಮ್ಮ ಹಿತ್ತಲಲ್ಲಿ ಬೆಳೆದ ಮರದ ಒಂದು ತುಂಡನ್ನು ದುಡ್ಡು ಕೊಟ್ಟು ಕೊಂಡು, ಗಾಡಿಯಲ್ಲಿ ಮನೆಗೆ ತಂದರು. ಮಂಚವಾದದ್ದು ಆ ತುಂಡು. ಈ ಕಥೆಯನ್ನು ನಾವು ಕೇಳಿದ್ದೆವು. ಅದರ ಹಿಂದೆ ದಾಪೋಡಿಯ ತೋಟವೂ ಶಿವಮೊಗ್ಗೆಯ ವೈದ್ಯನೂ ನಿಂತಿರುವುದು ತಿಳಿದಿರಲಿಲ್ಲ. ಸರ್ಕಾರದ ಸಂಬಳ ಉಣ್ಣುವ ನಾವು ಈ ಕಾನೂನನ್ನು ಹಳಿಯುವುದು ಸುಲಭವಲ್ಲ. ಕಾದಿರಿಸದೆ ಹೋಗಿದ್ದರೆ ಇಂದು ಮಲೆನಾಡಿನಲ್ಲಿ ಎಷ್ಟು ಬೀಟೆ ಉಳಿದಿರುತ್ತಿತ್ತು ಎಂದು ಕೇಳಬೇಕಾಗುತ್ತದೆ. ತನ್ನದಲ್ಲದ ಮರದ ಸಸಿಯನ್ನು ಯಾವ ರೈತ ಪ್ರೀತಿಯಿಂದ ಕಾಯುತ್ತಾನೆ ಎಂದೂ ಕೇಳಬೇಕಾಗುತ್ತದೆ.

ಈಗ ಈ ಪ್ರಶ್ನೆ ಲೋಕದ್ದೂ ಆಗಿದೆ. ಅಳಿವಿನಂಚಿನ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು 2017ರ ಜನವರಿ 2ರಿಂದ ಬೀಟೆಯ ಕುಲದ ಬಹುತೇಕ ಎಲ್ಲ ಮರಗಳನ್ನೂ ತನ್ನ ಎರಡನೆಯ ಪಟ್ಟಿಗೆ ಸೇರಿಸಿತು. ವಾದ್ಯಗಾರರು ಗಡಿ ದಾಟಲು ಪರವಾನಗಿ ಹುಡುಕಬೇಕಾಯಿತು. 2019ರಲ್ಲಿ ಸಿದ್ಧ ವಾದ್ಯಗಳಿಗೂ, ಹತ್ತು ಕಿಲೋವರೆಗಿನ ಸಿದ್ಧ ವಸ್ತುಗಳಿಗೂ ವಿನಾಯಿತಿ ಬಂತು. ಕ್ಯೂ ಕೋಲು ವಾದ್ಯವಲ್ಲವಾದರೂ ಅರ್ಧ ಕಿಲೋ ತೂಕದಿಂದಾಗಿ ಪಾರಾಯಿತು. ಆನೆಯ ದಂತದ ಕಥೆ ಇದಕ್ಕೂ ಹಿಂದಿನದು. ಒಂದು ಕಾಲದಲ್ಲಿ ಬಿಲಿಯರ್ಡ್ಸ್ ಚೆಂಡುಗಳೆಲ್ಲ ದಂತದವೇ. ಅದಕ್ಕೆ ಬದಲಿ ಹುಡುಕುವ ಭರದಲ್ಲೇ ಅಮೆರಿಕದ ಜಾನ್ ಹಯಟ್ 1870ರ ಹೊತ್ತಿಗೆ ಸೆಲ್ಯುಲಾಯ್ಡ್ ಚೆಂಡಿಗೆ ಕೈಹಾಕಿದ. ಮೈಸೂರಿನಲ್ಲಿ ಬೀಟೆಯ ಹಲಗೆಗೆ ದಂತ ಕೂರಿಸುತ್ತಿದ್ದ ಕಸುಬುದಾರರೂ ದಂತವನ್ನು ಬಿಟ್ಟು ಬಣ್ಣಬಣ್ಣದ ಮರದ ಚೂರುಗಳಿಗೆ, ಪ್ಲಾಸ್ಟಿಕ್ಕಿಗೆ ಹೊರಳಿದರು. ಅರಮನೆಯ ಅಂಬಾವಿಲಾಸದ ದಂತಖಚಿತ ಬೀಟೆಯ ಬಾಗಿಲನ್ನು ನೋಡಿದವರಿಗೆ ಬಿಟ್ಟದ್ದೇನೆಂದು ಗೊತ್ತು. ಆದರೂ ಕಸುಬು ಸಾಯಲಿಲ್ಲ.

ಮಗನಿಗೆ ಇದನ್ನೆಲ್ಲ ಒಂದು ಭಾನುವಾರ ಹೇಳಿದೆವು. ಜೊತೆಗೆ ಬೆಂಗಳೂರಿನ ಉಮಾದೇವಿ ನಾಗರಾಜರ ವಿಚಾರವನ್ನೂ ಹೇಳಿದೆವು. ರಾಜ್ಯದ ತೋಟಗಾರಿಕೆ ಇಲಾಖೆಯಲ್ಲಿ ಕೆಲಸಕ್ಕಿದ್ದ ಅವರು ಮದುವೆ, ಸಂಸಾರ ಎಲ್ಲ ಆದ ಮೇಲೆ ಈ ಆಟ ಕಲಿತು 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. ಕೋಲಿನ ಮರಕ್ಕಿಂತ ಮೇಜಿನ ಬಳಿ ಕಳೆದ ಸಂಜೆಗಳು ದೊಡ್ಡವು ಎಂದೆವು. ಅವನು ತಲೆಯಾಡಿಸಿ, ‘ಹಾಗಾದರೆ ಬೇಡವೇ?’ ಎಂದ.

ಉತ್ತರ ಕೊಟ್ಟವರು ನಮ್ಮ ತಾಯಿ. ಅಷ್ಟು ಹೊತ್ತೂ ಬಾಳೆಹೂ ಬಿಡಿಸುತ್ತ ಕುಳಿತಿದ್ದವರು, ‘ಬಾಲ್ಕನಿಯಲ್ಲಿ ಮಳೆಗೆ ನೆನೆದು ಹಾಳಾಗುವುದಕ್ಕಿಂತ ಹುಡುಗನ ಕೈಯಲ್ಲಿರಲಿ. ನಿನ್ನ ಅಜ್ಜ ಅದನ್ನು ಎರಡನೇ ಸಲ ದುಡ್ಡು ಕೊಟ್ಟು ತಂದದ್ದು, ಮೂಲೆಗಿಡಲಿಕ್ಕಲ್ಲ’ ಎಂದರು. ಆಮೇಲೆ ಮೊಮ್ಮಗನತ್ತ ತಿರುಗಿ, ‘ಒಂದೇ ಪಟ್ಟಿ ಮಾರಾಯ. ಇನ್ನೊಂದರ ಸುದ್ದಿಗೆ ಹೋಗಬೇಡ, ನಾನಿನ್ನೂ ಅದರ ಮೇಲೆ ಮಲಗುತ್ತೇನೆ’ ಎಂದರು.

ಪಟ್ಟಿ ಈಗ ಲೇತಿನವರ ಬಳಿಯಿದೆ. ಬೀಟೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದಲೂ ಒಳಗೆ ಸುಣ್ಣದಂಥ ಹರಳು ಸೇರಿರುವುದರಿಂದಲೂ ಉಳಿ ಬೇಗ ಮೊಂಡಾಗುತ್ತದೆಂದು ಅವರು ದೂರುತ್ತಾರೆ. ಮೊದಲ ಪದರ ಕಡೆದು ತೂಗುಹಾಕಿದ್ದಾರೆ. ಈ ಮಳೆಗಾಲ ಕಳೆದ ಮೇಲೆ ಎರಡನೆಯದು. ಮಗ ವಾರಕ್ಕೊಮ್ಮೆ ಹೋಗಿ ಬಡಿದು ನೋಡಿ ಬರುತ್ತಾನೆ. ದನಿಯಿಂದ ಚೆಂಡು ಬೀಳುವುದಿಲ್ಲವೆಂದು ಅವನಿಗೆ ಈಗ ಗೊತ್ತು. ಬಿರುಕು ಬಿಟ್ಟಿಲ್ಲವಷ್ಟೇ ಎಂದು ನೋಡಲು, ಎನ್ನುತ್ತಾನೆ.